ಶೆಡ್ಡಿನೊಳಗಿನ ತೇವಾಂಶ

ಅಬ್ಬಾ,

ಇವತ್ತು ಮಧ್ಯಾಹ್ನ ನಮ್ಮ ಹವಾಮಾನ ಗುಂಪಿನಲ್ಲಿ ವಾದ ಜೋರಾಗಿತ್ತು. ನೀವು ನೋಡಿ ನಗುತ್ತಿದ್ದಿರಲ್ಲ, ಅದೇ ವಾಟ್ಸಾಪ್ ಗುಂಪು. ಸಾತನೂರಿನ ಬಾಲರಾಜು ಅವರ ಹಿತ್ತಲಲ್ಲಿ ಮೂವತ್ತೊಂಬತ್ತು ಡಿಗ್ರಿ, ಮಾಗಡಿಯವರದು ಮೂವತ್ತೆಂಟು. ಯಾರ ಊರು ಹೆಚ್ಚು ಬಿಸಿ ಎಂಬುದೇ ಮಾತು. ನಾನು ಯಾಕೋ ಯಾವಾಗಲೂ ಮಹಡಿ ಮೇಲಿಡುವ ಉಷ್ಣಾಂಶ-ತೇವಾಂಶದ ಮೀಟರನ್ನು ನಮ್ಮ ರೀಲಿಂಗ್ ಶೆಡ್ಡಿನೊಳಗೆ, ರೇಷ್ಮೆಗೂಡು ಬೇಯುವ ಕಡೆ ಇಟ್ಟು ನೋಡಿದೆ. ಮೂವತ್ತಾರು ಡಿಗ್ರಿ, ತೇವಾಂಶ ಶೇಕಡಾ ಎಂಬತ್ತೆರಡು. ಅದನ್ನು ಗುಂಪಿಗೆ ಕಳಿಸಿದೆ.

ಯಾರೂ ತಮಾಷೆ ಮಾಡಲಿಲ್ಲ. ಬಾಲರಾಜು ಕೂಡಲೇ ಫೋನ್ ಮಾಡಿದರು. "ನಮ್ಗಿಂತ ಡಿಗ್ರಿ ಕಮ್ಮಿ ಐತೆ ಅಂತ ಸುಮ್ಕಿರ್ಬೇಡ ಕಣಮ್ಮ. ಅಷ್ಟು ತೇವದಲ್ಲಿ ಬೆವ್ರು ಆರಾಕಿಲ್ಲ, ಮೈ ತಣ್ಣಗಾಗಾಕಿಲ್ಲ. ಒಳ್ಗಿರೋರ್ನ ಮೊದ್ಲು ಈಚೆಗ್ ಕರಿ."

ಮೋಟಾರ್ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕರೆದೆ. ನಿಮ್ಮ ಜಾಗದಲ್ಲಿ ಈಗ ನೂಲು ತೆಗೆಯುವ ರಾಧಾಮಣಿ ಅಕ್ಕ ಏಳಲು ಹೋಗಿ ಗೋಡೆ ಹಿಡಿದುಕೊಂಡರು. ನೆರಳಲ್ಲಿ ಕೂರಿಸಿ, ತಲೆಗೆ ನೀರು ಹಾಕಿ, ಮಜ್ಜಿಗೆ ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡರು. ಬಿಸಿಲು ಇಳಿಯುವವರೆಗೆ ಇನ್ನು ಮಧ್ಯಾಹ್ನದ ಕೆಲಸ ಬೇಡವೆಂದು ಅಮ್ಮಿ ಹೇಳಿದರು. ಈ ಬೇಸಿಗೆ ಪೂರ್ತಿ ಹಾಗೆಯೇ ನಡೆಸುತ್ತೇವೆ.

ಮನೆಗೆ ಹೊರಟಾಗ ರಾಧಾಮಣಿ ಅಕ್ಕ ಮೀಟರನ್ನು ಕೈಯಲ್ಲಿ ಹಿಡಿದು ನೋಡಿದರು. "ಹೋದ್ ಬ್ಯಾಸ್ಗೇಲಿ ನಿಮ್ಮಪ್ಪ ಸಾಹೇಬ್ರು ಶೆಡ್ ಒಳ್ಗೇ ಬಿದ್ದು ತೀರ್ಕೊಂಡ್ರಲ್ಲ, ಆವಾಗ ಇದು ಇರ್ಲಿಲ್ವೇನಮ್ಮ?" ಎಂದು ಕೇಳಿದರು. ಚುಚ್ಚಬೇಕೆಂದು ಕೇಳಿದ್ದಲ್ಲ.

"ಇತ್ತು ಅಕ್ಕ," ಎಂದೆ. "ಮಹಡಿ ಮೇಲಿತ್ತು."

ಇಕ್ರಾ