ಮೊದಲ ಸಲಕ್ಕೇ ಬೇಕು

ಹೌಗೆನ್ ಕಣಿವೆ, ವಿಸ್ಕಾನ್ಸಿನ್
ಶನಿವಾರ, ಜುಲೈ ೧೮, ೨೦೨೦

ಪ್ರೀತಿಯ ಸೆಲ್ಮರ್ ಅಣ್ಣಾ,

ಹೇಗಿದ್ದೀಯ? ಜ್ವರ ಇಳಿಯಿತೇ? ಕೆಮ್ಮು ಕಡಿಮೆಯಾಗಿದೆಯೇ? ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿಲ್ಲ, ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನಿನಗೆ ಏದುಸಿರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು. ಮುಖ್ಯ ಸುದ್ದಿ ಮೊದಲೇ ಹೇಳಿಬಿಡುತ್ತೇನೆ: ಹಸುಗಳೆಲ್ಲ ಕೊಟ್ಟಿಗೆಯಲ್ಲೇ ಇವೆ. ಒಂದನ್ನೂ ಮಾರಿಲ್ಲ!

"ಶನಿವಾರದೊಳಗೆ ದುಡ್ಡು ಬರದಿದ್ರೆ ಹಸುಗಳನ್ನ ದಲ್ಲಾಳಿಗೆ ಕೊಟ್ಬಿಡು, ಮೇವಿನ ಅಂಗಡಿಯವ್ರನ್ನ ಇನ್ನೂ ಕಾಯಿಸ್ಬಾರ್ದು" ಎಂದಿದ್ದೆಯಲ್ಲ, ಅವತ್ತು ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ. ಏಪ್ರಿಲ್‌ನಲ್ಲಿ ಶಾಲೆ, ಹೋಟೆಲುಗಳೆಲ್ಲ ಮುಚ್ಚಿ, ಡೇರಿಯವರು ಬೇಡವೆಂದ ಹಾಲನ್ನು ಗೊಬ್ಬರದ ಗುಂಡಿಗೆ ಸುರಿದಾಗಲೂ ನಾನು ಅತ್ತಿರಲಿಲ್ಲ. ಕರೋನಾ ನಷ್ಟಕ್ಕೆ ಸರ್ಕಾರ ಕೊಡುವ ಪರಿಹಾರ ಊರಿಗೆಲ್ಲ ಬಂದರೂ ನಮಗೇಕೆ ಬರಲಿಲ್ಲ ಎಂದು ನೀನು ಕೇಳಿದ್ದೆ. ಈಗ ಹೇಳುತ್ತೇನೆ, ಬೈಯಬೇಡ. ನನ್ನ ಜಾಗದಲ್ಲಿ ನೀನಿದ್ದರೂ ಹಾಗೇ ಮಾಡುತ್ತಿದ್ದೆ.

ಜೂನ್‌ನಲ್ಲಿ ಕೌಂಟಿಯ ಕೃಷಿ ಕಚೇರಿಯಿಂದ ಮಾರಿಸೋಲ್ ಎಂಬ ಹೊಸ ಹುಡುಗಿ ಫೋನ್ ಮಾಡಿದ್ದಳು, ಟೆಕ್ಸಾಸಿನ ಕಡೆಯವಳು. "ಪರಿಹಾರದ ಪಟ್ಟಿಗೆ ನಿಮ್ಮ ಹೆಸ್ರು ಸೇರಿಸ್ಲಾ ಮೇಡಂ?" ಎಂದಳು. "ಅಯ್ಯೋ, ನಮಗ್ಯಾಕಮ್ಮ, ಕಷ್ಟದಲ್ಲಿರೋರಿಗೆ ಕೊಡಿ" ಎಂದೆ. ಮತ್ತೊಮ್ಮೆ ಕೇಳಿದಳು. "ಬೇಡ ಬಿಡಮ್ಮ, ಹೇಗೋ ನಡೀತದೆ" ಎಂದು ಮೂರನೆಯ ಸಲಕ್ಕೆ ಕಾದೆ. "ಸರಿ ಮೇಡಂ" ಎಂದು ಇಟ್ಟೇಬಿಟ್ಟಳು! ನಮ್ಮ ಕಣಿವೆಯಲ್ಲಿ ಎರಡು ಸಲ ಬೇಡವೆನ್ನದೆ ಒಂದು ಲೋಟ ಕಾಫಿಯನ್ನಾದರೂ ಯಾರು ಕುಡಿದಿದ್ದಾರೆ? ಪಾಪ, ಆ ಹುಡುಗಿಗೆ ಅದೇನು ಗೊತ್ತು. ಇನ್ನೊಮ್ಮೆ ಮಾಡುತ್ತಾಳೆಂದು ನಾನು ಫೋನಿನ ಪಕ್ಕದಲ್ಲೇ ಕಾಯುತ್ತಿದ್ದೆ, ಪೆದ್ದಿಯ ಹಾಗೆ.

ಹೋದ ವಾರ ನಮ್ಮ ಚಿಕ್ಕಪ್ಪನ ಮಗ ಗೇಲನ್ ದಲ್ಲಾಳಿಯನ್ನು ಕರೆತಂದ. ದಲ್ಲಾಳಿ ಹಸುಗಳ ಕೆಚ್ಚಲು ಮುಟ್ಟಿ ನೋಡುತ್ತಿದ್ದರೆ ಗೇಲನ್, "ಪರಿಹಾರದ ದುಡ್ಡಲ್ಲಿ ನಾನು ಕೊಟ್ಟಿಗೆಗೆ ಹೊಸ ಸೂರು ಹಾಕಿಸ್ತಿದೀನಿ. ನಿಮ್ಗೆ ಅದೆಲ್ಲ ಯಾಕೆ ಆರ್ಡಿಸ್, ದೊಡ್ಡ ಮನುಷ್ರು!" ಎಂದು ಹಲ್ಲು ಕಿರಿದ. ನನಗೆ ಮೈ ಉರಿದುಹೋಯಿತು. ಸಗಣಿ ಮೆತ್ತಿದ ಬೂಟಿನಲ್ಲೇ ಗಾಡಿ ಹತ್ತಿ ಕಚೇರಿಗೆ ಹೋದೆ. ಬಾಗಿಲು ಹಾಕಿತ್ತು. ಕಿಟಕಿಯ ಗಾಜು ಬಡಿದೆ. ಮಾರಿಸೋಲ್ ಮಾಸ್ಕ್ ಏರಿಸಿಕೊಂಡು ಹೊರಗೆ ಬಂದು ಏನು ಬೇಕಿತ್ತು ಎಂದು ಕೇಳಿದಳು.

"ಪರಿಹಾರ ಬೇಕು! ನಮಗೇ ಬೇಕು!"

ಅಂಗಳದಲ್ಲಿ ಸರದಿಗೆ ಕಾದಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ನೋಡಲಿ. ಹಾಲು ಚೆಲ್ಲಿದವರು ನಾವು, ಭಿಕ್ಷೆಗೆ ಹೋದವರಲ್ಲ. "ಆವತ್ತು ಬೇಡ ಅಂದ್ರಲ್ಲ ಮೇಡಂ!" ಎಂದು ಆ ಹುಡುಗಿ ಬೆರಗಾದಳು. "ಅದು ಉಪಚಾರಕ್ಕೆ ಅಂದಿದ್ದು ಕಣಮ್ಮ" ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಸುಗಳು ನಮ್ಮಿಬ್ಬರ ಹೆಸರಿನಲ್ಲೂ ಇರುವುದರಿಂದ ನನ್ನ ಸಹಿಯೇ ಸಾಕಾಯಿತು.

ನಿನ್ನೆ ದುಡ್ಡು ಬ್ಯಾಂಕಿಗೆ ಬಂತು ಅಣ್ಣಾ! ಮೇವಿನ ಅಂಗಡಿಯವರಿಗೆ ಕೊಟ್ಟು ತಲೆಯೆತ್ತಿಕೊಂಡು ಬಂದೆ. ಇವತ್ತು ಬೆಳಿಗ್ಗೆ ಬಂದ ದಲ್ಲಾಳಿಯ ಲಾರಿ ಬಂದ ಹಾಗೇ ಖಾಲಿ ಹೋಯಿತು. ಲಾರಿಯ ಜೊತೆ ಬಂದಿದ್ದ ಗೇಲನ್ ಮಾತ್ರ ಮೆಟ್ಟಿಲ ಮೇಲೆ ನಿಂತೇ ಇದ್ದ. ಕಾಫಿ ಬೇಕಾ ಎಂದೆ. "ಬೇಡ ಬೇಡ" ಎಂದ. ಸರಿ ಎಂದು ಕಾಫಿಯ ಪಾತ್ರೆಯನ್ನು ಒಳಗಿಟ್ಟುಬಿಟ್ಟೆ. ಅವನ ಮುಖ ನೀನು ನೋಡಬೇಕಿತ್ತು!

ದೇವರು ನಿನ್ನ ಎದೆಗೆ ಬಲ ಕೊಡಲಿ. ಚರ್ಚಿನವರೆಲ್ಲ ನಿನ್ನನ್ನು ಕೇಳಿದ್ದಾರೆ.

ನಿನ್ನ ತಂಗಿ,
ಆರ್ಡಿಸ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ನರ್ಸ್ ಫೋನ್ ಮಾಡಿದ್ದಳು. ಉಸಿರಾಟ ಕಷ್ಟವೇ, ಡಾಕ್ಟರನ್ನು ಕರೆಯಲೇ ಎಂದರೆ ನೀನು "ಪರವಾಗಿಲ್ಲಮ್ಮ, ಪಕ್ಕದೋರನ್ನ ನೋಡಿ" ಎನ್ನುತ್ತೀಯಂತೆ. ಅವನು ಬೇಡ ಅಂದರೂ ಕರೆಯಿರಿ ಎಂದು ಅವಳಿಗೆ ಹೇಳಿದ್ದೇನೆ. ಆದರೆ ಪಾಳಿ ಬದಲಾದರೆ ಬೇರೆಯವಳು ಬರುತ್ತಾಳೆ, ಅಲ್ಲಿ ಯಾರೂ ಮೂರು ಸಲ ಕೇಳುವುದಿಲ್ಲ. ಮೊದಲ ಸಲಕ್ಕೇ ಬೇಕು ಅನ್ನು ಅಣ್ಣಾ. ಹಸುಗಳು ಉಳಿದದ್ದೊಂದೇ ನನಗೆ ಸಾಲದು, ನೀನು ಬೇಕು.