ಮಾದಪ್ಪನಿಗೆ ಹೊತ್ತ ಮುಡಿ

ಮಾರ್ಗನ್ ಹಿಲ್
ಸೋಮವಾರ, ಜನವರಿ 26, 2026

ನನ್ನ ಬಂಗಾರ ಟೆಸ್ಸಮ್ಮನಿಗೆ,

ಹೇಗಿದ್ದೀಯ ಕಂದ? ಕೆಮ್ಮು ನಿಂತಿತೇ? ಶನಿವಾರ ಫೋನಿನಲ್ಲಿ ಮಾತಿನ ನಡುವೆ ಎರಡು ಸಲ ಕೆಮ್ಮಿದ್ದು ನನಗೆ ಕೇಳಿಸಿತು. ನಿಮ್ಮ ನದಿ ದಂಡೆಯ ಚಳಿ ಇಲ್ಲಿಯ ಹಾಗಲ್ಲವಂತೆ. ಕಿವಿ ಮುಚ್ಚುವ ಟೋಪಿ ಹಾಕಿಕೋ, ಕಿತ್ತು ಎಸೆಯಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ನಿನ್ನ ಅಜ್ಜಿ ವರ್ನಾ ಅವರ ಮಂಡಿ ನೋವು ಈಗ ಹೇಗಿದೆ ಎಂದು ನಾನು ವಿಚಾರಿಸಿದೆ ಅಂತ ಹೇಳು. ಕಾಗದವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮಂಡ್ಯದ ಪಕ್ಕದ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಾಗುಣಿತ ತಿದ್ದಿಸಿದವಳಿಗೆ ಬೇರೆ ಭಾಷೆಯಲ್ಲಿ ಮನಸ್ಸು ಬಿಚ್ಚಲು ಬರುವುದಿಲ್ಲ. ನನ್ನ ಮಗಳು ಗಾನವಿ ಇದನ್ನೇ ಇಂಗ್ಲಿಷಿನಲ್ಲಿ ಬರೆದು ಫೋನಿಗೆ ಕಳಿಸುತ್ತಾಳೆ, ವರ್ನಾ ನಿನಗೆ ಓದಿ ಹೇಳಲಿ.

ಇಲ್ಲಿ ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಅಂದರೆ ಸುಳ್ಳಾಗುತ್ತದೆ. ನೀನು ಹತ್ತಿ ಬೇಳೆ ಡಬ್ಬಿ ತೆಗೆಯುತ್ತಿದ್ದ ಹಳದಿ ಸ್ಟೂಲು ಅಡುಗೆಮನೆಯಲ್ಲೇ ಇದೆ. ದಿನಕ್ಕೊಂದು ಸಲವಾದರೂ ಅದನ್ನು ಎಡವುತ್ತೇನೆ, ಆದರೂ ಎತ್ತಿಡಲು ಮನಸ್ಸಿಲ್ಲ. ನನ್ನ ಅಳಿಯ ಲೋಹಿತ್ ನೀನು ಹೋಗುತ್ತಿದ್ದ ಡೇಕೇರಿನ ರಸ್ತೆ ಬಿಟ್ಟು ಸುತ್ತುಬಳಸಿ ಆಫೀಸಿಗೆ ಹೋಗುತ್ತಾನೆ. ಕೇಳಿದರೆ ಆ ಕಡೆ ಟ್ರಾಫಿಕ್ಕು ಅನ್ನುತ್ತಾನೆ, ಯಾವ ಟ್ರಾಫಿಕ್ಕೂ ಇಲ್ಲ. ಮೊನ್ನೆ ಮುದ್ದೆ ಮಾಡಿದವಳು ಅಭ್ಯಾಸಬಲದಿಂದ ಒಂದು ಪುಟ್ಟ ಉಂಡೆ ಕಟ್ಟಿಟ್ಟೆ. ಅಗಿಯದೆ ನುಂಗಬೇಕು ಎಂದು ನಿನಗೆ ಕಲಿಸಲು ನನಗೆ ಒಂದು ತಿಂಗಳು ಹಿಡಿದಿತ್ತು. ಆ ಉಂಡೆ ಹಾಗೇ ತಟ್ಟೆಯಲ್ಲಿ ಕೂತಿತ್ತು.

ನೀನು ಮೂರೂವರೆ ವರ್ಷದವಳಾಗಿ ಬಂದ ದಿನ ನಿನ್ನ ಕೈಯಲ್ಲಿ ಒಂದು ಬ್ಯಾಗು ಮಾತ್ರ ಇತ್ತು. ನಿನ್ನ ಅಮ್ಮನಿಗೆ ಹುಷಾರಿರಲಿಲ್ಲ. ಸ್ವಲ್ಪ ದಿನದ ಮಟ್ಟಿಗೆ ಸಾಕಿಕೊಳ್ಳಿ ಎಂದು ಕೌಂಟಿಯ ಮಕ್ಕಳ ಇಲಾಖೆಯವರು ನಿನ್ನನ್ನು ಗಾನವಿ, ಲೋಹಿತರಿಗೆ ಒಪ್ಪಿಸಿದ್ದರು. ಮನೆಯಲ್ಲಿ ಇರುವವರೆಲ್ಲ ಬೆರಳಚ್ಚು ಕೊಡಬೇಕು ಎಂದಾಗ ನಾನೂ ಹತ್ತು ಬೆರಳು ಒತ್ತಿ ಬಂದೆ, ಕಳ್ಳಿಯ ಹಾಗೆ. ಇವಳಂಥ ಮೂಲನಿವಾಸಿ ಮಕ್ಕಳು ಆದಷ್ಟೂ ತಮ್ಮ ನೆಂಟರಲ್ಲಿ, ತಮ್ಮ ಜನರ ನಡುವೆಯೇ ಬೆಳೆಯಬೇಕು ಎಂದು ಇಲ್ಲಿ ಕಾನೂನಿದೆ, ಇವಳ ಅಜ್ಜಿಯ ಮನೆ ಸಿದ್ಧವಾಗುವವರೆಗೆ ಮಾತ್ರ ನಾವು ಎಂದು ಗಾನವಿ ಮೊದಲ ದಿನವೇ ಹೇಳಿದ್ದಳು. ಕೇಳಿಸಿಕೊಂಡೆ. ನಂಬಲಿಲ್ಲ. ಹದಿನಾಲ್ಕು ತಿಂಗಳು ನಿನ್ನ ಜಡೆ ಹೆಣೆದವಳು ಹೇಗೆ ನಂಬುತ್ತಾಳೆ? ಸೊಂಟದವರೆಗೆ ಇಳಿಯುವ ಕರೀ ಕೂದಲು. ಹೆಣೆಯುವಾಗ ನೀನು ‘ಒಂದು, ಎಲ್ಡು, ಮೂರು’ ಎಂದು ಜಡೆಯ ಕಾಲು ಎಣಿಸುತ್ತಿದ್ದೆ, ಮೂರಾದ ಮೇಲೆ ಮತ್ತೆ ಒಂದು.

ಆಮೇಲೆ ನಿನಗೆ ನ್ಯುಮೋನಿಯಾ ಬಂತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ ನಿನ್ನನ್ನು ನೋಡಿ ಕೈ ಮುಗಿದೆ. ‘ಮಾದಪ್ಪ, ಈ ಕೂಸ್ನ ಉಳ್ಸಪ್ಪ, ಬೆಟ್ಟಕ್ಕೆ ಮುಡಿ ಕೊಡ್ತೀನಿ’ ಅಂದುಬಿಟ್ಟೆ. ನಮ್ಮ ಕಡೆ ಮಕ್ಕಳಿಗೆ ಹೀಗೇ ಹರಕೆ ಹೊರುವುದು. ಮಗು ಉಳಿದರೆ ಮಲೆ ಮಹದೇಶ್ವರನ ಬೆಟ್ಟದಲ್ಲಿ ತಲೆ ಬೋಳಿಸಿ ಕೂದಲು ಒಪ್ಪಿಸುತ್ತೇವೆ. ನೀನು ಉಳಿದೆ. ಆದರೆ ನಿನ್ನನ್ನು ದೇಶ ದಾಟಿಸುವಂತಿಲ್ಲ. ಹರಕೆ ಬಾಕಿ ಇಟ್ಟರೆ ಜ್ವರ ಮತ್ತೆ ಬಂದೀತೆಂಬ ಹೆದರಿಕೆ ನನಗೆ. ‘ಅಮ್ಮಾ, ಕೌಂಟಿಯವ್ರ ಪರ್ಮಿಷನ್ ಇಲ್ದೆ ಅವಳ ಒಂದು ಕೂದ್ಲೂ ಕಟ್ ಮಾಡಂಗಿಲ್ಲ’ ಎಂದು ಗಾನವಿ ಹೇಳಿದ್ದು ನೆನಪಿತ್ತು. ಕೂದಲಿಗೂ ಪರ್ಮಿಷನ್ನೇ ಎಂದು ಒಳಗೇ ನಕ್ಕಿದ್ದೆ. ಒಂದು ಸೋಮವಾರ ಇಬ್ಬರೂ ಆಫೀಸಿಗೆ ಹೋದ ಮೇಲೆ ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿದೆ. ‘ಬೆಳೀತದೆ ಕಣವ್ವ’ ಅಂದೆ. ನೀನು ಅಳಲಿಲ್ಲ, ನನ್ನನ್ನು ನಂಬಿದ್ದೆ.

ಆ ಶನಿವಾರ ವರ್ನಾ ಆರು ಗಂಟೆ ಕಾರು ಓಡಿಸಿಕೊಂಡು ನಿನ್ನನ್ನು ನೋಡಲು ಬಂದರು. ಬಾಗಿಲಲ್ಲೇ ನಿಂತು ನಿನ್ನ ಬೋಳು ತಲೆ ನೋಡಿದರು. ಕೂಗಲಿಲ್ಲ. ‘ಯಾರು ತೀರಿಕೊಂಡರು?’ ಎಂದು ಇಂಗ್ಲಿಷಿನಲ್ಲಿ ಕೇಳಿದರು, ಅಷ್ಟೇ. ಅವರ ಮನೆಯಲ್ಲಿ ಕೂದಲು ಕತ್ತರಿಸುವುದು ಸಾವಿಗೆ ಮಾತ್ರವಂತೆ. ಅವರ ತಾಯಿಯನ್ನು ಆರನೇ ವಯಸ್ಸಿಗೆ ಸರ್ಕಾರದವರು ಮನೆಯಿಂದ ಎಳೆದು ಬೋರ್ಡಿಂಗ್ ಶಾಲೆಗೆ ಹಾಕಿದ ದಿನ ಮೊದಲು ಕತ್ತರಿಸಿದ್ದು ಜಡೆಯನ್ನಂತೆ. ಆಕೆ ಸಾಯುವವರೆಗೂ ಬೆನ್ನ ಹಿಂದೆ ಕೈ ಹಾಕಿ ಜಡೆ ಹುಡುಕುತ್ತಿದ್ದರಂತೆ. ಗಾನವಿ ಅಳುತ್ತಾ ಇದನ್ನೆಲ್ಲ ಕನ್ನಡದಲ್ಲಿ ಹೇಳಿದಳು. ನಾನೂ ಶಾಲೆಯವಳು, ಟೆಸ್ಸಮ್ಮ. ಹೇನು ಎಂದು ಎಷ್ಟು ಹುಡುಗಿಯರ ಕೂದಲು ಕತ್ತರಿಸಿದ್ದೇನೋ, ಒಬ್ಬಳನ್ನೂ ಕೇಳಿರಲಿಲ್ಲ. ಕೂದಲು ಎಲ್ಲಿ, ಅದು ತಮ್ಮ ಮನೆಯಲ್ಲಿ ಇರಬೇಕು ಎಂದು ವರ್ನಾ ಕೇಳಿದರು. ಕಸದ ಗಾಡಿಗೆ ಹೋಯಿತು ಅಂದೆ. ಆಗ ಅವರ ಮುಖ ಹೇಗಾಯಿತೋ ಅದು ಇವತ್ತಿಗೂ ನನ್ನ ಕಣ್ಣಮುಂದೆ ಇದೆ.

ಅಕ್ಟೋಬರಿನಲ್ಲಿ ನೀನು ವರ್ನಾ ಮನೆಗೆ ಹೊರಟೆ. ಕೋರ್ಟಿಗೆ ಹೋಗಿ ಅವಳನ್ನು ಉಳಿಸಿಕೊಳ್ಳಿ ಎಂದು ನಾನು ಗಾನವಿಯ ಜೀವ ತಿಂದೆ. ‘ಅವಳು ನಮ್ಮವಳಲ್ಲಮ್ಮಾ, ನಮ್ಮ ಹತ್ರ ಇದ್ಲು ಅಷ್ಟೆ’ ಅಂದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ. ಮೊನ್ನೆ ಶನಿವಾರ ವಿಡಿಯೋ ಕಾಲಿನಲ್ಲಿ ನೋಡಿದಾಗ ವರ್ನಾ ನಿನ್ನ ಗಿಡ್ಡ ಕೂದಲನ್ನು ಬಾಚುತ್ತಾ ಕೂತಿದ್ದರು, ಬಲು ಮೆಲ್ಲಗೆ, ನನಗಿಂತ ಮೆಲ್ಲಗೆ. ನೀನು ಫೋನಿನೊಳಗಿಂದ ‘ಅಜ್ಜಿ, ವೇರ್ ಈಸ್ ಮೈ ಕೂದ್ಲು?’ ಅಂದೆ. ನಾನು ಸಿಗ್ನಲ್ ಇಲ್ಲ ಎಂದು ನೆಪ ಹೇಳಿ ಎದ್ದುಹೋದೆ. ಸಿಗ್ನಲ್ ಇತ್ತು.

ಹೊಟ್ಟೆ ತುಂಬ ಉಣ್ಣು. ವರ್ನಾ ಹೇಳಿದ ಮಾತು ಕೇಳು. ನಿನ್ನ ಅಮ್ಮ ಬೇಗ ಹುಷಾರಾಗಿ ಮನೆ ಸೇರಲಿ. ನನ್ನನ್ನು ಮರೆತರೂ ಸರಿ, ಮುದ್ದೆ ಅಗಿಯಬೇಡ. ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಇನ್ನೊಬ್ಬ ಅಜ್ಜಿ,
ಜವರಮ್ಮ

ಮರೆತ ಮಾತು: ಲೋಹಿತ್ ಪೋಸ್ಟಾಫೀಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕಸಕ್ಕೆ ಹೋಯಿತು ಅಂದದ್ದು ಸುಳ್ಳು. ಬೆಟ್ಟಕ್ಕೆ ಒಯ್ಯಲೆಂದು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ನನ್ನ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಜಡೆ ಬಿಚ್ಚದೆ ಹಾಗೇ ಇದೆ, ಈ ಕಾಗದದ ಜೊತೆಗಿರುವ ಪೆಟ್ಟಿಗೆಯಲ್ಲಿದೆ, ವರ್ನಾ ಅವರ ಕೈಗೇ ಕೊಡು. ನನ್ನನ್ನು ಕ್ಷಮಿಸುವುದು ಬಿಡುವುದು ಅವರಿಗೆ ಸೇರಿದ್ದು. ಹರಕೆ ಹೊತ್ತವಳು ನಾನು, ನೀನಲ್ಲ. ಅದಕ್ಕೆ ಇವತ್ತು ಬೆಳಿಗ್ಗೆ ಲೋಹಿತನ ಗಡ್ಡದ ಮೆಷಿನ್ನಿನಲ್ಲಿ ಗಾನವಿ ನನ್ನ ತಲೆ ಬೋಳಿಸಿದಳು, ಬೈಯುತ್ತಾ, ಅಳುತ್ತಾ. ಮಾರ್ಚಿಗೆ ಊರಿಗೆ ಹೋದಾಗ ನನ್ನ ಬಿಳಿ ಕೂದಲೇ ಬೆಟ್ಟ ಹತ್ತುತ್ತದೆ. ಬರುವ ಶನಿವಾರ ಫೋನಿನಲ್ಲಿ ನನ್ನನ್ನು ನೋಡಿ ಹೆದರಬೇಡ. ವರ್ನಾ ಕೇಳಿದರೆ ಹೇಳು, ಯಾರೂ ತೀರಿಕೊಂಡಿಲ್ಲ.