ಅವಳ ಮಂಡಿಗಾಗಿ

ನವೆಂಬರ್ 30, ಭಾನುವಾರ
ಮತ್ತೆ ಶುರು. ಕ್ರಿಸ್‌ಮಸ್‌ಗೆ ನಾಲ್ಕು ವಾರ — ಆಗಮನ ಕಾಲ. ಅತ್ತೆ ಮೊದಲನೇ ಮೇಣದಬತ್ತಿ ಹಚ್ಚಿದರು. ನಿಯಮ ಹಳೆಯದೇ. ದಿನಾ ಸಂಜೆ ಎಲ್ಲರೂ ಕೂತು, ಒಬ್ಬೊಬ್ಬರೂ ಕಷ್ಟದಲ್ಲಿರುವ ಒಬ್ಬರನ್ನು ಗಟ್ಟಿಯಾಗಿ ನೆನೆಯಬೇಕು. ಮಿಕ್ಕವರು ಆಮೆನ್ ಅನ್ನಬೇಕು. ದೇವರಿಗೆ ಒಪ್ಪಿಸಿಯಾಯಿತು, ಊಟಕ್ಕೆ ಏಳಬಹುದು.

ಇವರು ಎಂದಿನಂತೆ "ಜಗತ್ತಿನ ಸಮಸ್ತ ಬಡವರು" ಅಂದರು. ನನ್ನ ಗಂಡನ ಕರುಣೆ ಯಾವಾಗಲೂ ಸಗಟು ವ್ಯಾಪಾರ. ಬಿಡಿಯಾಗಿ ಯಾರೂ ಬೇಡ. ನಾದಿನಿ ಫೋನ್ ನೋಡುತ್ತಲೇ "ಚಳೀಲಿ ಮಲಗೋರು" ಅಂದಳು. ಹಳೇ ಕಂಬಳಿ ಕೊಡು ಅಂದರೆ ಮುಖ ಊದಿಸಿಕೊಳ್ಳುತ್ತಾಳೆ, ಮಹಾತಾಯಿ.

ಡಿಸೆಂಬರ್ 3
ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಪ್ಯಾಂಟ್ ಗಿಡ್ಡ ಮಾಡಿ ಬಂದೆ. ನಮ್ಮ ಮಹಡಿಯ ತಿರುವಿನಲ್ಲಿ ಮೆಟ್ಟಿಲು ಒರೆಸುವವಳು ಕೂತಿದ್ದಳು. ಪಕ್ಕದಲ್ಲಿ ಬಕೆಟ್. ಮಂಡಿ ಊದಿಕೊಂಡಿದೆ.

"ಯಾರಿಗೂ ಹೇಳ್ಬೇಡಿ ಅಕ್ಕಾ. ಗೊತ್ತಾದ್ರೆ ಕೆಲ್ಸ ಹೋಗುತ್ತೆ."

ನಾನ್ಯಾಕೆ ಹೇಳಲಿ. ಒಳಗೆ ಬಂದರೆ ಅತ್ತೆ ಎಲ್ಲೋ ಇರುವ ಅನಾಥರಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಬಾಗಿಲಾಚೆ ಕೂತವಳು ಯಾರ ಕಣ್ಣಿಗೂ ಬಿದ್ದಿಲ್ಲ. ಮೈಯೆಲ್ಲ ಉರಿಯಿತು.

ಡಿಸೆಂಬರ್ 7, ಭಾನುವಾರ
ಎರಡನೇ ಬತ್ತಿ. ಇವತ್ತು ಅತಿಥಿ ಬೇರೆ — ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ. ಇವರು ಸಮಸ್ತ ಬಡವರನ್ನು ಮುಗಿಸಿದರು. ಆತ ಬಿಟ್ಟಾನೆಯೇ, "ಸಮಸ್ತ ಮಾನವಕುಲ" ಅಂದ. ತಡೆಯಲಾಗಲಿಲ್ಲ. ನನ್ನ ಸರದಿ ಬಂದಾಗ ಹೇಳಿಯೇಬಿಟ್ಟೆ.

"ನಮ್ಮ ಮೆಟ್ಟಿಲು ಒರೆಸೋಳಿಗೋಸ್ಕರ. ಮಂಡಿ ಊದಿದೆ. ಕಂಬಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. ಈ ಮನೇಲಿ ಒಬ್ರಾದ್ರೂ ನೋಡಿದೀರಾ?"

ಎಲ್ಲರೂ ಇಂಗು ತಿಂದ ಮಂಗನ ಹಾಗೆ ಕೂತರು. ಖುಷಿಯಾಯಿತು. ಹೊಟ್ಟೆ ತುಂಬ ಉಂಡೆ.

ಡಿಸೆಂಬರ್ 9
ಕಾರ್ಯದರ್ಶಿ ಮೆಟ್ಟಿಲು ಒರೆಸಲು ಬೇರೆಯವಳನ್ನು ಹುಡುಕುತ್ತಿದ್ದಾನೆ. ಗೇಟಿನ ಹತ್ತಿರ ಸಿಕ್ಕಿದ.

"ಪಾಪ, ಅವಳಿಗೂ ರೆಸ್ಟ್ ಸಿಗ್ಲಿ ಅಂತ" — ಹಲ್ಲು ಕಿರಿದ. ರೆಸ್ಟಂತೆ! ಜಗಳಕ್ಕೇ ನಿಂತೆ. ಕೊನೆಗೆ, "ಕ್ರಿಸ್‌ಮಸ್ ಹಿಂದಿನ ದಿನ ಬಂದು ನೋಡ್ತೀನಿ. ಅಲ್ಲೀವರೆಗೂ ಮೆಟ್ಟಿಲು ಕ್ಲೀನಾಗಿದ್ರೆ ಇರ್ಲಿ" ಅಂದ.

ಮೆಟ್ಟಿಲ ಮೇಲೆ ಅವಳು ಎದುರಾದಳು. ಬಕೆಟ್ ಸರಿಸಿ ದಾರಿ ಬಿಟ್ಟಳು.

ಮನೆಯಲ್ಲಿ ಹೇಳಿದೆ. "ಅವನ ಮುಂದೆ ನೀನ್ಯಾಕೆ ಬಾಯಿ ಬಿಟ್ಟೆ?" ಅಂದರು ಇವರು. ಅತ್ತೆ ಕಣ್ಣು ಮುಚ್ಚಿ, "ಅವಳ ಮಂಡಿ ವಾಸಿ ಮಾಡು ದೇವಾ." ಆಮೆನ್. ಕೈ ತೊಳೆದುಕೊಂಡರು, ಅಷ್ಟೇ.

ನಾನೇನು ಬೇಕಂತ ಹೇಳಿದೆನೇ... ನನ್ನ ಸಿಟ್ಟು ಇವರ ಮೇಲಿತ್ತು.

ಡಿಸೆಂಬರ್ 15
ಮೆಟ್ಟಿಲು ಫಳಫಳ. ಹಾಲು ತರಲು ಇಳಿದರೆ ಆಗಲೇ ಒದ್ದೆ. ಹೆದರಿಕೊಂಡು ಕತ್ತಲಲ್ಲೇ ಬಂದು ತಿಕ್ಕುತ್ತಿರಬೇಕು, ಪಾಪ. ಮುಲಾಮು ಕೊಡಿಸೋಣ ಅಂದುಕೊಂಡೆ. ಮರೆತೆ.

ಇತ್ತ ಅತ್ತೆಯ ಭಕ್ತಿ ನೋಡಬೇಕು! ಪ್ರಾರ್ಥನೆಯ ನಡುವೆಯೇ ತೂಕಡಿಕೆ. ಗೊರಕೆ ಬೇರೆ. "ಕೇಳಿ ಕೇಳಿ ದೇವರೂ ಮಲಗಿರ್ತಾನೆ ಬಿಡಿ" ಅಂದೆ. ನಾದಿನಿ ಕಿಸಕ್ಕನೆ ನಕ್ಕಳು.

ಡಿಸೆಂಬರ್ 18
ಅತ್ತೆ ಕೈಗೆ ಹಚ್ಚುವ ಕ್ರೀಮ್ ಕೇಳಿದರು. ಈ ವಯಸ್ಸಿನಲ್ಲಿ ಅಲಂಕಾರ. ಡಬ್ಬಿ ತಳ ಕೆರೆದು ಕೊಟ್ಟೆ.

ಡಿಸೆಂಬರ್ 22
ಬೇಗ ಎಚ್ಚರವಾಯಿತು. ಅತ್ತೆಯ ಹಾಸಿಗೆ ಖಾಲಿ. ಮುಂಬಾಗಿಲು ಓರೆ. ಗಾಬರಿಯಾಗಿ ಇಳಿದೆ.

ಕೆಳಗಿನ ಮಹಡಿಯಲ್ಲಿ ಅತ್ತೆ. ಸ್ವೆಟರಿನ ತೋಳು ಮಡಚಿ, ನೆಲಕ್ಕೆ ಕೂತು, ಮೆಟ್ಟಿಲು ತಿಕ್ಕುತ್ತಿದ್ದರು. ಪಕ್ಕದಲ್ಲಿ ಮೆಟ್ಟಿಲು ಒರೆಸುವವಳು ಕಾಲು ಚಾಚಿ ಕೂತು ಟೀ ಕುಡಿಯುತ್ತಿದ್ದಳು. ನಮ್ಮ ಮನೆಯ ಲೋಟ. ನನ್ನನ್ನು ಕಂಡು ಲೋಟ ಕೆಳಗಿಟ್ಟಳು.

"ನೀನು ಕುಡಿಯಮ್ಮ" ಅಂದರು ಅತ್ತೆ. ಆಮೇಲೆ ನನಗೆ: "ನೀರು ಕಪ್ಪಾಗಿದೆ. ಬದಲಾಯಿಸ್ಕೊಂಡು ಬಾ."

ಒಂದು ಬೈಗುಳವಾದರೂ ಬೈಯಬಾರದಿತ್ತೇ? ಬಕೆಟ್ ಎತ್ತಿಕೊಂಡು ಬಂದೆ. ಎಷ್ಟು ದಿನದಿಂದ? ಅವಳ ಮಂಡಿಗಾಗಿ ಪ್ರಾರ್ಥಿಸಿದ ಮರುದಿನವೇ ಶುರುವಂತೆ. ನಾಚಿಕೆಯಿಂದ ಅತ್ತೆಯ ಮುಖ ನೋಡಲಾಗುತ್ತಿಲ್ಲ.

ಡಿಸೆಂಬರ್ 24, ಬೆಳಿಗ್ಗೆ
ಅತ್ತೆಗೆ ಸೊಂಟ ಹಿಡಿದಿದೆ, ಏಳಲಾಗುತ್ತಿಲ್ಲ. ಅವಳಿಗೆ ಎಂಟು ಗಂಟೆಗೆ ಬಂದರೆ ಸಾಕು ಅಂದಿದ್ದೇವೆ. ಇವರನ್ನು ಎಬ್ಬಿಸಿದೆ.

"ನಾನು ಮೆಟ್ಟಿಲು ಒರೆಸೋದಾ? ಯಾರಾದ್ರೂ ನೋಡಿದ್ರೆ?"

ಮತ್ತೆ ಮುಸುಕು. ಮಲಗಲಿ. ಮೂರು ಮಹಡಿ ಒಬ್ಬಳೇ ಮುಗಿಸಿದೆ, ಕೈಯೆಲ್ಲ ಉರಿ. ಬಕೆಟ್ ತುಂಬುವವರೆಗೆ ಇದನ್ನು ಗೀಚುತ್ತಿದ್ದೇನೆ. ಕೆಳಗೆ ಗೇಟಿನ ಸದ್ದು. ಕಾರ್ಯದರ್ಶಿಯೇ ಇರಬೇಕು. ಇನ್ನೂ ಒಂದು ಮಹಡಿ ಬಾಕಿ, ನಾನಿಲ್ಲಿ ಬರೆಯುತ್ತಾ ಕೂ—